ಹಳೆಯ ತೋಟದ ಜೀಪು: ಸ್ಟೀರಿಂಗ್ ಸವೆತ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬಹುಕಾಲದಿಂದ ಓಡಿಸುತ್ತಿರುವ ನಮ್ಮ ಜೀಪಿಗೆ ಮುಂಭಾಗದಲ್ಲೂ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗ್), ಎರಡು ಚಕ್ರಗಳನ್ನೂ ಜೋಡಿಸುವ ಇಡಿಯಾದ ಆಕ್ಸಲ್, ಪವರ್ ಇಲ್ಲದ ಸ್ಟೀರಿಂಗ್. ಗೊಬ್ಬರದ ಮೂಟೆ ಹೇರಿಕೊಂಡು ಮಳೆಗಾಲದ ಏರು ಹತ್ತುವುದರಲ್ಲಿ ಇದಕ್ಕೆ ಸಾಟಿ ಕಾಣೆ. ಆದರೆ ಸ್ಟೀರಿಂಗಿನ ಜಾಯಿಂಟುಗಳು ಸವೆಯುವುದು ಇಂಥ ಗಾಡಿಗಳ ಹುಟ್ಟುಗುಣ. ಕೊಳ್ಳುವವರು ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ತೋಟದ ದಾರಿಯಲ್ಲಿ ಗಾಡಿ ಹೇಗೂ ಕುಲುಕುವುದರಿಂದ ಸವೆತ ತಿಳಿಯುವುದು ಡಾಂಬರು ರಸ್ತೆಯಲ್ಲಿ. ನೇರ ದಾರಿಯಲ್ಲೂ ಸ್ಟೀರಿಂಗನ್ನು ಅತ್ತಿತ್ತ ತಿದ್ದುತ್ತಲೇ ಇರಬೇಕಾಗುತ್ತದೆ. ಒಂದು ಚಕ್ರ ಗುಂಡಿಗೆ ಇಳಿದೆದ್ದರೆ ಮುಂದಿನ ಎರಡೂ ಚಕ್ರಗಳು ಅದುರತೊಡಗಿ, ವೇಗ ತಗ್ಗಿಸುವವರೆಗೂ ನಿಲ್ಲುವುದಿಲ್ಲ. ಇಷ್ಟು ಹೇಳಿದೊಡನೆ ಹಲವು ಮೆಕ್ಯಾನಿಕ್‌ಗಳು ಸ್ಟೀರಿಂಗ್ ಬಾಕ್ಸಿನ (ಸ್ಟೀರಿಂಗಿನ ತಿರುವನ್ನು ಚಕ್ರಗಳತ್ತ ದಾಟಿಸುವ ಗೇರುಗಳ ಪೆಟ್ಟಿಗೆ) ಸ್ಕ್ರೂ ಬಿಗಿ ಮಾಡಿಬಿಡುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಬಾಕ್ಸಿನ ಒಳಭಾಗ ಹೆಚ್ಚು ಸವೆಯುವುದು ನೇರ ಓಟದ ನಡುಭಾಗದಲ್ಲಿ. ಅಲ್ಲಿಯ ಪ್ಲೇ (ಸಡಿಲ ಅಲುಗಾಟ) ಪೂರ್ತಿ ಹೋಗುವಷ್ಟು ಬಿಗಿ ಮಾಡಿದರೆ, ಸವೆಯದ ಎರಡು ಬದಿಗಳಲ್ಲಿ ಹಿಡಿದುಕೊಂಡು, ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ಹಿಂದಿರುಗುವುದಿಲ್ಲ.

ಜಾಯಿಂಟುಗಳನ್ನು ಪರೀಕ್ಷಿಸಲು ಇಬ್ಬರು ಸಾಕು. ಚಕ್ರಗಳು ನೆಲದ ಮೇಲೆ ಭಾರ ಹೊತ್ತೇ ಇರಬೇಕು. ಒಬ್ಬರು ಸ್ಟೀರಿಂಗನ್ನು ತುಸುವೇ ಎಡಬಲಕ್ಕೆ ಆಡಿಸುತ್ತಿರುವಾಗ ಇನ್ನೊಬ್ಬರು ಕೆಳಗೆ ಮಲಗಿ, ಡ್ರಾಪ್ ಆರ್ಮಿನಿಂದ (ಬಾಕ್ಸಿನಿಂದ ಹೊರಬರುವ ತೋಳು) ಹಿಡಿದು ಡ್ರ್ಯಾಗ್ ಲಿಂಕ್ (ಆ ತೋಳಿನ ಚಲನೆಯನ್ನು ಚಕ್ರಗಳತ್ತ ಒಯ್ಯುವ ಸರಳು), ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಎಂಡುಗಳವರೆಗೆ ಒಂದೊಂದೇ ಜಾಯಿಂಟನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ಜಾಯಿಂಟಿನ ಒಂದು ಬದಿ ಅಲುಗಿದ ಮೇಲೆ ಇನ್ನೊಂದು ಬದಿ ತಡವಾಗಿ ಅಲುಗಿದರೆ, 'ಟಕ್' ಎಂಬ ಸಣ್ಣ ಪೆಟ್ಟು ಕೈಗೆ ತಗುಲಿದರೆ, ಸವೆತ ಅಲ್ಲಿಯದೇ. ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಗ್ರೀಸು ಕೆಮ್ಮಣ್ಣಿನೊಡನೆ ಕಲೆತು ಸಾಣೆಯಂತೆ ಒಳಗಿನ ಗುಂಡನ್ನು (ಬಾಲ್) ತೇಯ್ದಿರುತ್ತದೆ. ಬಾಕ್ಸನ್ನು ಚಾಸಿಸ್ಸಿಗೆ ಬಿಗಿದ ಬೋಲ್ಟುಗಳು ಸಡಿಲವಾಗಿ, ಬಾಕ್ಸೇ ಅಲುಗುವುದೂ ಉಂಟು.

ಆಮೇಲೆ ಜಾಕ್ ಕೊಟ್ಟು, ಆಕ್ಸಲ್ಲಿನ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಬೇಕು. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಸವೆದಿರುವುದು ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು).

ಟೈ ರಾಡ್ ಎಂಡ್ ಬದಲಿಸಿದೊಡನೆ ಟೋ-ಇನ್ (ಮುಂದಿನ ಚಕ್ರಗಳು ಮುಂಬದಿಯಲ್ಲಿ ತುಸು ಒಳಮುಖವಾಗಿರುವ ಅಳತೆ) ಸರಿಪಡಿಸದಿದ್ದರೆ ಟೈರಿನ ಅಂಚು ಬೇಗ ತೀರುತ್ತದೆ. ನಟ್ಟಿನ ಸೀಳು ಸ್ಪ್ಲಿಟ್ ಪಿನ್ನಿನ (ನಟ್ಟು ಸಡಿಲವಾಗದಂತೆ ತಡೆಯುವ ಪಿನ್) ತೂತಿಗೆ ಹೊಂದದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಗ್ರೀಸ್ ನಿಪ್ಪಲ್ (ಗ್ರೀಸು ತುಂಬುವ ಬಾಯಿ) ಇರುವ ಎಂಡ್ ಸಿಕ್ಕರೆ ಅದನ್ನೇ ಕೊಳ್ಳುವುದು ಲೇಸು. ಹಳ್ಳ ದಾಟಿದ ಮೇಲೆ ಹಳೆಯ ಗ್ರೀಸು ಹೊರಬರುವವರೆಗೂ ಹೊಸದನ್ನು ತುಂಬಬಹುದು.