ಹಸಿರು ನಕ್ಷೆ ತೋರಿಸಿ ಸಾಗುವಾನಿ ಜಮೀನು ಮಾರುತ್ತಾರೆ, ಹುಷಾರು

ಪುಣೆ, ಪಿಂಪ್ರಿ-ಚಿಂಚವಾಡ ಕಡೆ ಇರುವ ನಮ್ಮ ಕನ್ನಡದವರಿಗೆ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ‘ಸಿಂಧುದುರ್ಗದಲ್ಲಿ, ಗೋವಾ ಗಡಿ ಹತ್ತಿರ ಟಿಂಬರ್ ಜಮೀನಿದೆ, ಬೇಕಿದ್ದರೆ ಸ್ಯಾಟಲೈಟ್ ನಕ್ಷೆ ನೋಡಿ’ ಎಂದು ಯಾರಾದರೂ ವಾಟ್ಸಾಪ್‌ಗೆ ಹಸಿರು ನಕ್ಷೆ ಕಳಿಸಿದರೆ, ಟೋಕನ್ ಕೊಡುವ ಮೊದಲು ಐದು ನಿಮಿಷ ಕೂತು ಇದನ್ನು ಓದಿ. ಅಂಥ ಒಂದು ನಕ್ಷೆ ಮಾಡಿದವನು ನಾನೇ.

ನನ್ನ ಹೊಟ್ಟೆಪಾಡು ನಕ್ಷೆ ಮಾಡುವುದು. ಕಂಪ್ಯೂಟರಿನಲ್ಲಿ ಮಾಡುವ ಜಿಐಎಸ್ ಕೆಲಸ. ಎರಡು ವರ್ಷದ ಹಿಂದೆ ಇಲ್ಲಿನ ಒಬ್ಬ ಜಮೀನು ಸಲಹೆಗಾರ ಫೋನ್ ಮಾಡಿದ. ಸಿಂಧುದುರ್ಗ ಮತ್ತು ಉತ್ತರ ಗೋವಾದಲ್ಲಿ ಕಮರ್ಷಿಯಲ್ ಟಿಂಬರ್ ಜಮೀನು ಎಲ್ಲೆಲ್ಲಿ ಎಷ್ಟೆಷ್ಟು ಹರಡಿದೆ, ಅದಕ್ಕೊಂದು ನಕ್ಷೆ ಬೇಕು ಎಂದ. ಹತ್ತು ದಿನದ ಗಡುವು, ನಲವತ್ತು ಸಾವಿರ ರೂಪಾಯಿ, ಅರ್ಧ ಮುಂಗಡ. ಹತ್ತು ದಿನದಲ್ಲಿ ಆಗುವ ಕೆಲಸ ಅಲ್ಲ ಅದು. ಗೊತ್ತಿದ್ದೂ ಒಪ್ಪಿಕೊಂಡೆ. ಮನೆ ಕಂತು ಇತ್ತು, ಅಷ್ಟೇ ಕಾರಣ.

ಯಾಕೆ ಆಗುವುದಿಲ್ಲ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೋಸ ಇರುವುದೇ ಅಲ್ಲಿ. ಸೆಂಟಿನೆಲ್-2 ಎಂಬ ಯುರೋಪಿನ ಉಪಗ್ರಹದ ಚಿತ್ರಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಅದರ ಒಂದೊಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಆ ಚುಕ್ಕಿಯಲ್ಲಿ ಎಲೆ ಇದೆಯೋ ಇಲ್ಲವೋ ಎನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಎಲೆ ಗೇರಿನದೋ, ರಬ್ಬರಿನದೋ, ಮಾವಿನದೋ, ಸಾಗುವಾನಿಯದೋ? ಒಂದೇ ಚಿತ್ರದಿಂದ ಹೇಳುವುದು ಕಷ್ಟ. ನಾನು ತೆಗೆದುಕೊಂಡದ್ದು ಅಕ್ಟೋಬರ್ ಕೊನೆಯ ಚಿತ್ರ. ಮಳೆ ಮುಗಿದ ಹೊಸದು, ಇಡೀ ಕೊಂಕಣ ಹಸಿರು. ಸಾಗುವಾನಿ ಬೇಸಿಗೆ ಹೊತ್ತಿಗೆ ಎಲೆ ಉದುರಿಸಿ ಬೋಳಾಗುತ್ತದೆ, ಗೇರು ಹಸಿರಾಗಿಯೇ ಇರುತ್ತದೆ. ಹಾಗಾಗಿ ಮಾರ್ಚ್‌ನ ಚಿತ್ರ ಪಕ್ಕಕ್ಕಿಟ್ಟು ಹೋಲಿಸಿದ್ದರೆ ಇವೆರಡನ್ನಾದರೂ ಬೇರೆ ಮಾಡಬಹುದಿತ್ತು. ಅಷ್ಟಾದರೂ ಸಾಲದು. ಎಲೆ ಉದುರಿಸುವ ಕಾಡುಮರಗಳು ಬೇಕಾದಷ್ಟಿವೆ. ನೆಟ್ಟ ತೋಪು ಯಾವುದು, ತಾನೇ ಬೆಳೆದ ಕಾಡು ಯಾವುದು ಎಂದು ತಿಳಿಯಲು ಕೊನೆಗೆ ಚಪ್ಪಲಿ ಸವೆಸಲೇಬೇಕು. ನಾನು ಸವೆಸಲಿಲ್ಲ.

ಸರ್ಕಾರದ ಅಂಕಿ ನೋಡಿದರಾಯಿತು ಅಂದುಕೊಳ್ಳಬೇಡಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯವರು 1987ರಿಂದ ದೇಶದ ಅರಣ್ಯ ವರದಿ ಕೊಡುತ್ತಿದ್ದಾರೆ. ಅವರ ಲೆಕ್ಕದಲ್ಲಿ ಒಂದು ಹೆಕ್ಟೇರ್‌ಗಿಂತ ಜಾಸ್ತಿ ಜಾಗದಲ್ಲಿ ಶೇ. 10ಕ್ಕಿಂತ ಜಾಸ್ತಿ ಮರದ ನೆರಳಿದ್ದರೆ ಅದು ‘ಅರಣ್ಯ ಹೊದಿಕೆ’. ಜಾಗ ಯಾರದು, ಮರ ಯಾವುದು ಎಂದು ಅವರು ಕೇಳುವುದಿಲ್ಲ. ಹಣ್ಣಿನ ತೋಟ, ಬಿದಿರು, ತಾಳೆ ಎಲ್ಲಾ ಅದರೊಳಗೇ ಬರುತ್ತವೆ. ಅದು ತಪ್ಪಲ್ಲ, ಅವರು ಅಳೆಯುತ್ತಿರುವುದೇ ಅದನ್ನು. ಅದನ್ನು ಮರ ಕಡಿದು ಮಾರುವ ಜಮೀನು ಅಂತ ಓದುವುದು ತಪ್ಪು.

ನಾನು ನಕ್ಷೆಯ ಮೇಲೆ ‘ಮರದ ಹೊದಿಕೆ’ ಎಂದೇ ಬರೆದಿದ್ದೆ. ‘ಟಿಂಬರ್ ಝೋನ್ ಅಂತ ಮಾಡಿ ಸರ್, ಕ್ಲೈಂಟ್‌ಗೆ ಅರ್ಥ ಆಗಲ್ಲ’ ಎಂದ ಸಲಹೆಗಾರ. ಮಾಡಿಕೊಟ್ಟೆ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಡೆತನ, ಕಡಿಯುವ ಹಕ್ಕು ಪರಿಶೀಲಿಸಿಲ್ಲ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಂಡೆ.

ಮುಂದಿನ ವರ್ಷ ಗಣಪತಿ ಹಬ್ಬದಲ್ಲಿ ನಮ್ಮ ಸೊಸೈಟಿಯ ಕಾಕಾ ಒಬ್ಬರು ಸಿಕ್ಕರು. ಗದಗ ಕಡೆಯವರು, ಭೋಸರಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಪ್ರಸಾದದ ತಟ್ಟೆ ಕೈಯಲ್ಲಿರುವಾಗಲೇ ಫೋನ್ ತೆಗೆದು ‘ನೋಡಪಾ, ಸಾಗುವಾನಿ ಜಮೀನು, ದೋಡಾಮಾರ್ಗದಾಗ ಒಂದೂವರೆ ಎಕರೆ ಹಿಡದೇನಿ’ ಎಂದರು. ಬ್ರೋಷರ್ ನೋಡಿದೆ. ಆ ಹಸಿರು ನನಗೆ ಗೊತ್ತು. ಇಷ್ಟು ವರ್ಷ ನಾನು ಅದೇ ಹಸಿರನ್ನೇ ಹಚ್ಚುತ್ತಾ ಬಂದಿದ್ದೇನೆ. ಕೆಳಗಿನ ಮೂಲೆ ಕತ್ತರಿಸಿದ್ದರು. ಕಾಕಾ ಆಗಲೇ ಎರಡು ಲಕ್ಷ ಟೋಕನ್ ಕೊಟ್ಟಿದ್ದರು. ಬಾಯಲ್ಲಿದ್ದ ಮೋದಕ ಒಳಗೆ ಇಳಿಯಲಿಲ್ಲ.

ಮರುವಾರ ಇಬ್ಬರೂ ಹೊರಟೆವು. ಕೊಲ್ಹಾಪುರ, ಅಂಬೋಲಿ ಘಾಟ್, ಸಾವಂತವಾಡಿ ದಾಟಿ ದೋಡಾಮಾರ್ಗ, ಸಿಂಧುದುರ್ಗದ ಗೋವಾ ಗಡಿಯ ತಾಲ್ಲೂಕು. ದಾರಿಯುದ್ದಕ್ಕೂ ಕಾಕಾ ಖುಷಿಯಾಗಿಯೇ ಇದ್ದರು. ನಾನು ಇನ್ನೂ ಏನೂ ಹೇಳಿರಲಿಲ್ಲ, ಬಾಯಿ ಬರಲಿಲ್ಲ. ಜಾಗಕ್ಕೆ ಹೋಗಿ ನೋಡಿದರೆ ಒಂದು ಬದಿಗೆ ಹಳೇ ಗೇರು, ಉಳಿದದ್ದೆಲ್ಲ ಮತ್ತಿ, ಕಿಂದಳದ ಕಾಡು. ಆಚೆ ಗುಡ್ಡದ ತುಂಬ ರಬ್ಬರ್. ಸಾಗುವಾನಿ ಎಂದರೆ ಬೇಲಿಗುಂಟ ಹನ್ನೊಂದು ಗಿಡ, ನನ್ನ ತೋಳಿನ ದಪ್ಪ. ಕಾಕಾ ಎರಡೆರಡು ಸಲ ಎಣಿಸಿದರು. ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ನಮ್ಮನ್ನು ನೋಡಿ ‘ಹೇ ತರ ವನಖಾತ್ಯಾಚಂ’ ಎಂದು ಹೇಳಿ ಮುಂದೆ ಹೋದರು. ಇದು ಅರಣ್ಯ ಇಲಾಖೆಯದು ಅಂತ.

ತಲಾಠಿ ಕಚೇರಿಯಲ್ಲಿ ಹೊಸ ಸಾತ್‌ಬಾರಾ ತೆಗೆಸಿದೆವು. ನಮ್ಮ ಪಹಣಿ ಇದ್ದ ಹಾಗೆ ಇಲ್ಲಿ 7/12. ‘ಇತರ ಅಧಿಕಾರ’ ಎಂಬ ಕಲಮಿನಲ್ಲಿ ಖಾಸಗಿ ಅರಣ್ಯ ಎಂದು ನಮೂದಾಗಿತ್ತು. ಜಮೀನು ಮಾರಲು ಬಂದ ಏಜೆಂಟ್ ತೋರಿಸಿದ್ದು ಹಳೇ ಉತಾರೆ, ಅಂದರೆ ಇದೇ 7/12ರ ಹಳೇ ಪ್ರತಿ, ಅದರಲ್ಲಿ ಆ ಕಲಮು ಖಾಲಿ. ಮಹಾರಾಷ್ಟ್ರದಲ್ಲಿ 1975ರ ಖಾಸಗಿ ಅರಣ್ಯ ಸ್ವಾಧೀನ ಕಾಯ್ದೆ ಇದೆ. ಆ ವರ್ಷ ಆಗಸ್ಟ್ 30ಕ್ಕೆ ಖಾಸಗಿ ಕಾಡುಗಳು ಸರ್ಕಾರದ ಪಾಲಾದವು. ಎಷ್ಟೋ ಕಡೆ ಅದು ಉತಾರೆಗೆ ಏರಿದ್ದು ಬಹಳ ವರ್ಷಗಳ ಮೇಲೆ. ಸುಮ್ನೆ ನೋಟಿಸ್ ಹೊರಡಿಸಿದ ಮಾತ್ರಕ್ಕೆ ಜಮೀನು ಅರಣ್ಯ ಆಗುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಏಜೆಂಟ್ ಕೂಡ ಅದನ್ನೇ ಬಡಬಡಿಸಿದ. ಒಂದೂವರೆ ಎಕರೆಗೆ ಕಾಕಾ ದೆಹಲಿಗೆ ಹೋಗಬೇಕಿತ್ತಾ?

ಜಮೀನು ಸ್ವಚ್ಛವಾಗಿದ್ದರೂ ಕೊಡಲಿ ಹಾಕುವುದು ಬೇರೆ ಮಾತು. ಸಾಗುವಾನಿ ನಿಮ್ಮ ಹೊಲದಲ್ಲೇ ಇದ್ದರೂ 1964ರ ಮರ ಕಡಿತ ಕಾಯ್ದೆ ಪ್ರಕಾರ ಅನುಮತಿ ಬೇಕು. ದೋಡಾಮಾರ್ಗದಲ್ಲಂತೂ ಮರ ಕಡಿಯುವುದನ್ನು ಬಾಂಬೆ ಹೈಕೋರ್ಟ್ 2013ರಲ್ಲೇ ತಡೆದಿತ್ತು. ಸಾವಂತವಾಡಿ-ದೋಡಾಮಾರ್ಗ ಕಾಡುಪ್ರಾಣಿ ಓಡಾಡುವ ದಾರಿ. ಇಷ್ಟು ದೊಡ್ಡ ವಿಷಯ ಬ್ರೋಷರಿನ ಹನ್ನೆರಡು ಪುಟದಲ್ಲಿ ಎಲ್ಲೂ ಇರಲಿಲ್ಲ. ನನ್ನ ನಕ್ಷೆಯಲ್ಲೂ ಇರಲಿಲ್ಲ.

ಗೋವಾ ಗಡಿ ದಾಟಿದರೆ ಕಾನೂನೇ ಬೇರೆ. ಅಲ್ಲಿ ಉತಾರೆಗೆ ಫಾರ್ಮ್ 1 ಮತ್ತು 14 ಎನ್ನುತ್ತಾರೆ, ಮರ ಕಡಿಯಲು 1984ರ ಕಾಯ್ದೆ. ಖಾಸಗಿ ಅರಣ್ಯ ಗುರುತಿಸಲು ಸಾವಂತ್, ಕರಾಪುರ್ಕರ್ ಸಮಿತಿಗಳು ಬಂದವು. ಶೇ. 75 ಕಾಡುಜಾತಿ ಮರ ಇರಬೇಕು, ನೆರಳು ಶೇ. 40ಕ್ಕೆ ಕಡಿಮೆ ಇರಬಾರದು, ಕನಿಷ್ಠ 5 ಹೆಕ್ಟೇರ್ ಇರಬೇಕು ಇಲ್ಲವೇ ಸರ್ಕಾರಿ ಕಾಡಿಗೆ ಹೊಂದಿಕೊಂಡಿರಬೇಕು ಎಂಬ ಅಳತೆ. ಒಂದೇ ಗುಡ್ಡದ ಈ ಮಗ್ಗುಲಿಗೆ ಒಂದು ಲೆಕ್ಕ, ಆ ಮಗ್ಗುಲಿಗೆ ಇನ್ನೊಂದು. ನಾನು ಎರಡಕ್ಕೂ ಒಂದೇ ಬಣ್ಣ ಬಳಿದಿದ್ದೆ.

ಮಹಾರಾಷ್ಟ್ರದ ಹೆಸರುವಾಸಿ ಸಾಗುವಾನಿ ಇರುವುದು ಇತ್ತ ಕೊಂಕಣದಲ್ಲಲ್ಲ, ಅತ್ತ ಚಂದ್ರಪುರ, ಗಡಚಿರೋಲಿಯಲ್ಲಿ. ಅಯೋಧ್ಯೆಯ ದೇವಸ್ಥಾನಕ್ಕೆ ಮರ ಹೋದದ್ದೂ ಚಂದ್ರಪುರ ಕಡೆಯಿಂದಲೇ. ಅದು ಸರ್ಕಾರದ ಕಾಡು, 1974ರಲ್ಲಿ ಶುರುವಾದ ಅರಣ್ಯ ಅಭಿವೃದ್ಧಿ ನಿಗಮದ ನೆಡುತೋಪುಗಳೂ ಅಲ್ಲಿವೆ. ಎಕರೆ ಲೆಕ್ಕದಲ್ಲಿ ಮಾರುವಂಥದ್ದಲ್ಲ. ಇನ್ನು ‘20 ವರ್ಷಕ್ಕೆ ಕೋಟಿ’ ಎಂಬ ಮಾತು ಬಿಡಿ. ಅಷ್ಟು ಎಳೇ ಮರದಲ್ಲಿ ಚೇಗು, ಅಂದರೆ ಒಳಗಿನ ಗಟ್ಟಿ ಮರ ಕಡಿಮೆ, ಬಿಳಿ ಭಾಗವೇ ಜಾಸ್ತಿ. ತೊಂಬತ್ತರ ದಶಕದಲ್ಲಿ ಇದೇ ಮಾತು ಹೇಳಿ ಎಷ್ಟೋ ಕಂಪನಿಗಳು ಜನರ ದುಡ್ಡು ಎತ್ತಿದವು. ಕೊನೆಗೆ 1999ರಲ್ಲಿ ಹೂಡಿಕೆ ವ್ಯವಹಾರ ನೋಡಿಕೊಳ್ಳುವ ಸೆಬಿ ಇಂಥ ಯೋಜನೆಗಳಿಗೆ ನಿಯಮ ತಂದಿತು.

ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ ಕೃಷಿಕರಲ್ಲದವರು ಅನುಮತಿ ಇಲ್ಲದೆ ಕೃಷಿ ಜಮೀನು ಕೊಳ್ಳಲು ಬರುವುದಿಲ್ಲ. ಕರ್ನಾಟಕದಲ್ಲಿ ಆ ಅಡ್ಡಿಯನ್ನು 2020ರಲ್ಲಿ ತೆಗೆದರು, ಹಾಗಾಗಿ ಊರಿಂದ ಬಂದ ಹುಡುಗರು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಟೋಕನ್ ಕೊಟ್ಟ ಮೇಲೆ ಇದು ಗೊತ್ತಾದರೆ ಏಜೆಂಟ್ ಕೈ ಎತ್ತುತ್ತಾನೆ, ಅಲ್ವಾ?

ವಾಪಸ್ ಬರುವಾಗ ಅಂಬೋಲಿಯಲ್ಲಿ ಚಹಾಕ್ಕೆ ನಿಂತಾಗ ಕಾಕಾಗೆ ಹೇಳಿದೆ, ಆ ನಕ್ಷೆ ನಂದು ಅಂತ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಬಣ್ಣ ಮಾತ್ರ ಛಲೋ ಹಚ್ಚಿದ್ದಿ’ ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಓಡಾಡಿ, ವಕೀಲರಿಂದ ನೋಟಿಸ್ ಕೊಡಿಸಿ, ಎರಡು ಲಕ್ಷದಲ್ಲಿ ಎಂಬತ್ತು ಸಾವಿರ ವಾಪಸ್ ಬಂದಿದೆ. ನನ್ನ ಉಳಿದ ಇಪ್ಪತ್ತು ಸಾವಿರ ಬಂದಿಲ್ಲ, ಕೇಳುವ ಮುಖವೂ ನನಗಿಲ್ಲ. ಈಗ ಇಂಥ ಕೆಲಸ ಬಂದರೆ ‘ಇದು ಮರದ ಹೊದಿಕೆ, ಜಮೀನಿನ ದಾಖಲೆ ಅಲ್ಲ’ ಎಂದು ನಕ್ಷೆಯ ನಡುಮಧ್ಯೆ ಅಡ್ಡಲಾಗಿ ದೊಡ್ಡದಾಗಿ ಬರೆದೇ ಕೊಡುತ್ತೇನೆ. ಮೂಲೆಯಲ್ಲಿದ್ದದ್ದನ್ನು ಕತ್ತರಿಸುವುದು ಸುಲಭ. ಮೂರು ಜನ ಗಿರಾಕಿ ಬಿಟ್ಟು ಹೋದರು.

ಹಳೇ ನಕ್ಷೆ ಮಾತ್ರ ಇನ್ನೂ ತಿರುಗುತ್ತಲೇ ಇದೆ. ಹೋದ ತಿಂಗಳು ಕನ್ನಡದವರ ಒಂದು ಗ್ರೂಪಿನಲ್ಲೇ ಬಂತು, ಈ ಸಲ ಬೇರೆ ಊರಿನ ಹೆಸರು ಹಾಕಿ. ಗುರುತು ಹೇಳುತ್ತೇನೆ. ತಿಳಾರಿ ಜಲಾಶಯದ ಹತ್ತಿರ ಒಂದು ಕಡೆ ಹಸಿರು ಸೀದಾ ಗೆರೆ ಎಳೆದ ಹಾಗೆ ಚೌಕವಾಗಿದೆ. ಅಲ್ಲಿ ಮೋಡ ಅಡ್ಡ ಬಂದಿತ್ತು, ನಾನು ಬೇರೆ ತಿಂಗಳ ಚಿತ್ರದ ತುಂಡು ತಂದು ಅಂಟಿಸಿದ್ದೆ. ಆ ಚೌಕ ಕಂಡರೆ ಅದು ನಂದೇ ನಕ್ಷೆ. ಕಳಿಸಿದವರ ಹತ್ತಿರ ಹೊಸ ಸಾತ್‌ಬಾರಾ ಕೇಳಿ.