ಎಂಟನೇ ತಿಂಗಳಲ್ಲಿ ದೇಶ ಬದಲಿಸಿದೆವು; ನಾವು ಹೊರಟ ಹಾಗೆ ಹೊರಡಬೇಡಿ

ಬಸುರಿಯಾಗಿದ್ದಾಗಲೇ ಬೇರೆ ದೇಶಕ್ಕೆ ವಲಸೆ ಹೋಗಲು ತಯಾರಾಗುತ್ತಿರುವವರು ಟಿಕೆಟ್ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ. ನಾನು 31 ವಾರ ತುಂಬಿದ ದಿನ ವಿಮಾನ ಹತ್ತಿದವಳು. ಮಗಳು ಚೆನ್ನಾಗಿದ್ದಾಳೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರೂ ಗಾಬರಿಯಾಗುವುದು ಬೇಡ. ಆದರೆ ಇಳಿದ ದಿನದಿಂದ ಹೆರಿಗೆಯವರೆಗೆ ನಾವು ಪಟ್ಟ ಪಾಡಿನಲ್ಲಿ ಮುಕ್ಕಾಲು ಪಾಲು ತಪ್ಪಿಸಬಹುದಾಗಿತ್ತು. ಯಾರಾದರೂ ಮೊದಲೇ ಹೇಳಿದ್ದರೆ ಸಾಕಿತ್ತು.

ಗಂಡನ ಕೆಲಸದ ಮೇಲೆ ವೀಸಾ ಅರ್ಜಿ ಹಾಕಿದಾಗ ನಾನಿನ್ನೂ ಬಸುರಿಯಾಗಿರಲಿಲ್ಲ. ವೈದ್ಯಕೀಯ ತಪಾಸಣೆಯ ಕರೆ ಬರುವಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ಹಲವು ದೇಶಗಳು ಕ್ಷಯರೋಗ ಇದೆಯೇ ಎಂದು ನೋಡಲು ಎದೆಯ ಎಕ್ಸ್‌ರೇ ಕೇಳುತ್ತವೆ. ಬಸುರಿಯರಿಗೆ ಸಾಮಾನ್ಯವಾಗಿ ಆಯ್ಕೆ ಇರುತ್ತದೆ: ಹೊಟ್ಟೆಗೆ ರಕ್ಷಣೆಯ ಹೊದಿಕೆ ಹಾಕಿ ತೆಗೆಸಬಹುದು, ಇಲ್ಲವೇ ಹೆರಿಗೆಯ ನಂತರಕ್ಕೆ ಮುಂದೂಡಬಹುದು. ಮುಂದೂಡಿದರೆ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ನಮ್ಮ ಏಜೆಂಟ್ ಇದ್ಯಾವುದನ್ನೂ ಹೇಳಲಿಲ್ಲ. ಅವರು ಹೇಳಿದ್ದು ಒಂದೇ ಮಾತು: "ಮೇಡಂ, ಹೊಟ್ಟೆ ಕಾಣದ ಹಾಗೆ ಸಡಿಲ ಬಟ್ಟೆ ಹಾಕ್ಕೊಳ್ಳಿ, ಯಾರು ಕೇಳಿದರೂ ಬಸುರಿ ಅಂತ ಹೇಳಬೇಡಿ." ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಾಗ ನನ್ನ ಬಾಯಿಂದ ನಿಜ ತಾನಾಗಿ ಹೊರಬಂತು. ತಂತ್ರಜ್ಞೆ ಶಾಂತವಾಗಿ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಹೊದಿಕೆ ಹೊದಿಸಿ, ಐದು ನಿಮಿಷದಲ್ಲಿ ಕೆಲಸ ಮುಗಿಸಿದರು. ಅಷ್ಟೇ. ಮುಚ್ಚಿಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಏಜೆಂಟ್ ಹೇಳಿದ ಹಾಗೆ ಮಾಡಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಎದೆ ನಡುಗುತ್ತದೆ. ಬಸುರಿನ ಕಾರಣಕ್ಕೇ ವಲಸೆಯ ವೀಸಾ ತಪ್ಪುವುದು ಅಪರೂಪ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೆನಡಾದಲ್ಲಿ ವಲಸೆ ಅರ್ಜಿಗೆ ತಪ್ಪು ಮಾಹಿತಿ ಕೊಟ್ಟವರಿಗೆ 5 ವರ್ಷ ಪ್ರವೇಶ ನಿಷೇಧವಿದೆ. "ಮುಚ್ಚಿಡಿ" ಎನ್ನುವವರು ಯಾರೇ ಆಗಲಿ, ಸಿಕ್ಕಿಬಿದ್ದಾಗ ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ.

ವಿಮಾನದ ವಿಷಯಕ್ಕೆ ಬರುತ್ತೇನೆ. ಬಹಳಷ್ಟು ವಿಮಾನ ಸಂಸ್ಥೆಗಳು 28 ವಾರ ದಾಟಿದ ಮೇಲೆ ವೈದ್ಯರ ಪತ್ರ ಕೇಳುತ್ತವೆ, ಒಂದೇ ಮಗುವಾದರೆ 36 ವಾರದ ಆಸುಪಾಸಿನಲ್ಲಿ, ಅವಳಿಯಾದರೆ 32ರ ಆಸುಪಾಸಿನಲ್ಲಿ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುತ್ತವೆ. ನನ್ನ ಹತ್ತಿರ ಪತ್ರವಿತ್ತು, ಆದರೆ ಮೂರು ವಾರ ಹಳೆಯದು. ಕೌಂಟರಿನಲ್ಲಿ ಇತ್ತೀಚಿನದೇ ಬೇಕು ಎಂದರು. ನಮ್ಮ ಡಾಕ್ಟರು ಫೋನಿಗೆ ಸಿಕ್ಕಿ, ಹೊಸ ಪತ್ರ ಬರೆದು ಕಳಿಸುವವರೆಗೆ ಮುಕ್ಕಾಲು ಗಂಟೆ ಸೂಟ್‌ಕೇಸಿನ ಮೇಲೆ ಕುಳಿತು ಅತ್ತೆ. ಎರಡು ವಿಮಾನ ಬದಲಿಸಿ ಹೋಗುವವರು ಎರಡೂ ಸಂಸ್ಥೆಗಳ ನಿಯಮ ನೋಡಿಕೊಳ್ಳಬೇಕು. ಬಸುರಿನಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು, ದೀರ್ಘ ಪ್ರಯಾಣ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬಿಗಿ ಕಾಲುಚೀಲ, ಆಗಾಗ ಎದ್ದು ಓಡಾಟ, ನೀರು, ಓಡಾಡಲು ಅನುಕೂಲವಾದ ಸೀಟು, ಇಷ್ಟನ್ನು ನಾನು ಪಾಲಿಸಿದೆ.

ನಿಜವಾದ ತೊಂದರೆ ಇಳಿದ ಮೇಲೆ ಶುರುವಾಯಿತು, ಅದರಲ್ಲಿ ನನ್ನ ತಪ್ಪೂ ಇದೆ. ನನ್ನ ರಕ್ತದ ಗುಂಪು ಓ ನೆಗೆಟಿವ್, ಗಂಡನದು ಪಾಸಿಟಿವ್. ಇಂಥ ಜೋಡಿಯಲ್ಲಿ ಮಗುವಿನ ರಕ್ತ ಪಾಸಿಟಿವ್ ಆಗಿದ್ದು ತಾಯಿಯ ರಕ್ತಕ್ಕೆ ಬೆರೆತರೆ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಹುಟ್ಟಿಸಬಹುದು. ಮುಂದಿನ ಬಸುರಿನಲ್ಲಿ ಅದು ಮಗುವಿನ ರಕ್ತಕಣಗಳನ್ನು ಕೊಲ್ಲಬಹುದು. ಅದಕ್ಕೇ ಆಂಟಿ-ಡಿ ಇಂಜೆಕ್ಷನ್ ಅನ್ನು 28ನೇ ವಾರದ ಸುಮಾರಿಗೆ ಕೊಡುತ್ತಾರೆ, ಮಗು ಪಾಸಿಟಿವ್ ಎಂದು ಗೊತ್ತಾದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಂದು. ನಮ್ಮ ಡಾಕ್ಟರು ನೆನಪಿಸಿದ್ದರು. ಆದರೆ 28ನೇ ವಾರ ಎಂದರೆ ಮನೆ ಖಾಲಿ ಮಾಡುವ ವಾರ. ಅಲ್ಲಿಗೆ ಹೋದ ಮೇಲೆ ಮೊದಲ ದಿನವೇ ಹಾಕಿಸಿಕೊಂಡರಾಯಿತು ಅಂದುಕೊಂಡೆವು.

ಮೊದಲ ದಿನ ಎನ್ನುವುದೇ ಇರಲಿಲ್ಲ. ಬಸುರು ಮುಂದುವರಿದವರನ್ನು ಹೊಸ ರೋಗಿಯಾಗಿ ತೆಗೆದುಕೊಳ್ಳಲು ಎರಡು ಕಡೆ ಒಪ್ಪಲಿಲ್ಲ. ಮೂರನೆಯ ಕಡೆ ವಿಳಾಸದ ದಾಖಲೆ ಕೇಳಿದರು. ನಾವಿದ್ದದ್ದು ತಾತ್ಕಾಲಿಕ ಮನೆಯಲ್ಲಿ. ಕೊನೆಗೆ ಒಂದು ಆಸ್ಪತ್ರೆಯಲ್ಲಿ ನೋಡಿದಾಗ ನನಗೆ ಸರಿಯಾಗಿ 33 ವಾರ.

ಅಲ್ಲಿ ನಡೆದದ್ದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ಯಾರಿಗೂ ಹೊಳೆಯುವ ವಿಷಯವಲ್ಲ. ನರ್ಸ್ ಟೇಪು ಹಿಡಿದು ಹೊಟ್ಟೆಯ ಎತ್ತರ ಅಳೆದರು. ಸೆಂಟಿಮೀಟರಿನಲ್ಲಿ ಬರುವ ಆ ಅಳತೆ ಹೆಚ್ಚುಕಡಿಮೆ ವಾರಗಳ ಸಂಖ್ಯೆಗೆ ಹೊಂದುತ್ತದೆ. ನನ್ನದು 33 ಬಂತು. ಅವರ ಮುಖ ಗಂಭೀರವಾಯಿತು. ಮಗು ತೀರಾ ದೊಡ್ಡದಿರಬಹುದು, ಮಗುವಿನ ಸುತ್ತಲಿನ ನೀರು ಹೆಚ್ಚಿರಬಹುದು, ಸಕ್ಕರೆ ಕಾಯಿಲೆ ಇರಬಹುದು ಎಂದು ಒಂದರ ಹಿಂದೊಂದು ಪರೀಕ್ಷೆ ಬರೆದರು. ಇಂಜೆಕ್ಷನ್ ಕೇಳಿದರೆ, ಈಗಷ್ಟೇ ಅದರ ಸಮಯ, ಮುಂದಿನ ಭೇಟಿಯಲ್ಲಿ ನೋಡೋಣ ಎಂದರು. ನನಗೆ ಅವರ ಉಚ್ಚಾರಣೆ ಅರ್ಧ ಅರ್ಥವಾಗುತ್ತಿರಲಿಲ್ಲ, ಭಯದಲ್ಲಿ ಉಳಿದರ್ಧವೂ ಕೇಳಿಸಲಿಲ್ಲ. ಮೂರು ರಾತ್ರಿ ನಿದ್ದೆಯಿಲ್ಲ. ನಾಲ್ಕನೇ ರಾತ್ರಿ ನನ್ನ ಗಂಡ ಅವರು ಕೊಟ್ಟ ಕಾಗದವನ್ನು ಹಳೆಯ ಫೈಲಿನ ಪಕ್ಕದಲ್ಲಿಟ್ಟು ಓದುತ್ತಾ ಕುಳಿತಿದ್ದವರು, "ಇವರು ನಿನಗೆ 28 ವಾರ 6 ದಿನ ಅಂತ ಬರೆದಿದ್ದಾರಲ್ಲ" ಎಂದರು.

ನನ್ನ ಕೊನೆಯ ಮುಟ್ಟಿನ ದಿನಾಂಕ ಜೂನ್ 7. ಫೈಲಿನಲ್ಲಿದ್ದದ್ದು 7/6. ಹೊಸ ದೇಶದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಅವರು ಅದನ್ನು ಜುಲೈ 6 ಎಂದು ಓದಿದ್ದರು.

ಒಂದು ಓರೆಗೀಟಿನಿಂದ ನನ್ನ ಮಗು ನಾಲ್ಕು ವಾರ ಚಿಕ್ಕದಾಗಿತ್ತು. ಮಾರ್ಚ್ 14ರ ಹೆರಿಗೆ ದಿನ ಏಪ್ರಿಲ್ 12ಕ್ಕೆ ಹೋಗಿತ್ತು. ದೊಡ್ಡ ಮಗುವೂ ಇರಲಿಲ್ಲ, ಹೆಚ್ಚು ನೀರೂ ಇರಲಿಲ್ಲ. ಆದರೆ ಇದು ತಿಳಿಯದೇ ಹೋಗಿದ್ದರೆ? 37ನೇ ವಾರ ತುಂಬಿ ನೋವು ಬಂದಿದ್ದರೆ ಅವರು ಅದನ್ನು 33ನೇ ವಾರದ ಅಕಾಲ ಹೆರಿಗೆ ಎಂದುಕೊಂಡು ನೋವು ನಿಲ್ಲಿಸಲು ಔಷಧಿ ಕೊಡುತ್ತಿದ್ದರು. ದಿನ ಮೀರಿದರಂತೂ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ನಮ್ಮನ್ನು ಉಳಿಸಿದ್ದು 12ನೇ ವಾರದ ಸ್ಕ್ಯಾನ್ ವರದಿ. ಬಸುರಿನ ವಾರ ಲೆಕ್ಕಹಾಕಲು ಮೊದಲ ಮೂರು ತಿಂಗಳ ಸ್ಕ್ಯಾನ್‌ನಷ್ಟು ನಂಬಿಕಸ್ತ ಅಳತೆ ಬೇರೆ ಇಲ್ಲ. ಮರುದಿನ ಅದನ್ನು ತೋರಿಸಿದೆವು. ಡಾಕ್ಟರು ಕ್ಷಮೆ ಕೇಳಿ, ಪ್ರತಿಕಾಯದ ಪರೀಕ್ಷೆ ಮಾಡಿಸಿ, ಅದು ನೆಗೆಟಿವ್ ಬಂದ ಕೂಡಲೇ ಇಂಜೆಕ್ಷನ್ ಕೊಟ್ಟರು. ಆ ವರದಿ ಬರುವವರೆಗಿನ ಗಂಟೆಗಳು ಯಾವ ತಾಯಿಗೂ ಬೇಡ.

ಅಳತೆಗಳೂ ಹೀಗೇ ಕೈಕೊಡುತ್ತವೆ. ರಕ್ತದ ಸಕ್ಕರೆ ಒಂದು ದೇಶದ ವರದಿಯಲ್ಲಿ 92 ಎಂದಿದ್ದರೆ ಇನ್ನೊಂದರಲ್ಲಿ 5.1 ಎಂದಿರುತ್ತದೆ, ಎರಡೂ ಒಂದೇ. ಹಿಮೋಗ್ಲೋಬಿನ್ 11 ಇದ್ದದ್ದು 110 ಆಗುತ್ತದೆ. ವರದಿಯಲ್ಲಿ ಸಂಖ್ಯೆಯ ಮುಂದೆ ಅಳತೆಯ ಏಕಮಾನವೂ (mg/dL, mmol/L ಎಂಬಂತೆ) ಅಚ್ಚಾಗಿರಲಿ.

ಇನ್ನು ವಿಮೆ. ಹಳೆಯ ವಿಮೆ ನಾವು ಕೆಲಸ ಬಿಟ್ಟ ದಿನ ಮುಗಿದಿತ್ತು. ಗಂಡನ ಹೊಸ ಕಂಪನಿಯ ವಿಮೆ ಶುರುವಾಗಲು ಕಾಯುವ ಅವಧಿ ಇತ್ತು. ನಡುವಿಗೆ ಕೊಂಡ ಪ್ರಯಾಣ ವಿಮೆ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಂಬಿದ್ದೆವು. ಸಣ್ಣ ಅಕ್ಷರದಲ್ಲಿ ಬರೆದಿತ್ತು: ಬಸುರಿನ ಸಾಮಾನ್ಯ ತಪಾಸಣೆ ಮತ್ತು ಹೆರಿಗೆ ಸೇರಿಲ್ಲ. ಇಂಥ ವಿಮೆಗಳಲ್ಲಿ ಇದು ಸಾಮಾನ್ಯ ಷರತ್ತು ಎಂದು ಆಮೇಲೆ ತಿಳಿಯಿತು. ಬೇಡವಾಗಿದ್ದ ಆ ಪರೀಕ್ಷೆಗಳ ಹಣವೂ ನಮ್ಮ ಕೈಯಿಂದಲೇ ಹೋಯಿತು. "ಹೆರಿಗೆ ಸೇರಿದೆಯೇ" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಯಾವ ದಿನದಿಂದ, ವಿಮೆಗೆ ಮೊದಲೇ ಆದ ಬಸುರಿಗೂ ಅನ್ವಯವೇ, ಹುಟ್ಟಿದ ಮಗುವನ್ನು ಎಷ್ಟು ದಿನದೊಳಗೆ ಸೇರಿಸಬೇಕು ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

"ಅಲ್ಲೇ ಹುಟ್ಟಿದರೆ ಮಗುವಿಗೆ ಆ ದೇಶದ ಪೌರತ್ವ ಸಿಗುತ್ತಲ್ಲ" ಎಂದು ನಮಗೂ ಹಲವರು ಹೇಳಿದ್ದರು. ಎಲ್ಲ ಕಡೆ ಹಾಗಿಲ್ಲ. ಬ್ರಿಟನ್ 1983ರಿಂದ, ಆಸ್ಟ್ರೇಲಿಯಾ 1986ರಿಂದ, ಐರ್ಲೆಂಡ್ 2005ರಿಂದ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದನ್ನು ನಿಲ್ಲಿಸಿವೆ. ತಂದೆ ತಾಯಿಯ ಸ್ಥಿತಿಯನ್ನೂ ನೋಡುತ್ತವೆ. ಅಂಥ ಕಡೆ ಹಸುಗೂಸಿಗೂ ಪಾಸ್‌ಪೋರ್ಟ್, ವೀಸಾ ಎಂದು ಓಡಾಡಬೇಕಾಗುತ್ತದೆ. ಈ ಆಸೆಯಿಂದ ಪ್ರಯಾಣದ ದಿನ ಆರಿಸಬೇಡಿ.

ಮಗಳು 39ನೇ ವಾರದಲ್ಲಿ ಹುಟ್ಟಿದಳು. ನೋವು ಶುರುವಾದಾಗ ನಾವು ಆಸ್ಪತ್ರೆಯ ದುಭಾಷಿಯನ್ನು ಕೇಳಿ ಪಡೆದೆವು. ಕೈ ಹಿಡಿದುಕೊಳ್ಳಬೇಕಾದ ಗಂಡ ಅನುವಾದಿಸುತ್ತಾ ನಿಲ್ಲುವುದು ಬೇಡವೆಂದು. ಮಗಳ ರಕ್ತ ಪಾಸಿಟಿವ್. ಎರಡನೇ ಇಂಜೆಕ್ಷನ್ ಮರುದಿನವೇ ಕೊಟ್ಟರು.

ಆಗುವುದಾದರೆ ಮೊದಲ ತಪಾಸಣೆಯ ದಿನವನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ, ಸಿಗದಿದ್ದರೆ ಪ್ರಯಾಣ ಮುಂದೂಡುವ ಮಾತನ್ನು ಮನೆಯಲ್ಲಿ ಎತ್ತಿ. ಟಿಕೆಟ್ ಆಗಿಬಿಟ್ಟಿದ್ದರೆ ನಿಮ್ಮ ಫೈಲನ್ನು ಇವತ್ತೇ ತೆಗೆಯಿರಿ. ಕೊನೆಯ ಮುಟ್ಟಿನ ದಿನ, ಹೆರಿಗೆಯ ದಿನ, ಪ್ರತಿ ಸ್ಕ್ಯಾನ್‌ನ ದಿನ, ಎಲ್ಲದರಲ್ಲೂ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿಕೊಳ್ಳಿ. ರಕ್ತದ ಗುಂಪು ಮೊದಲ ಪುಟದಲ್ಲಿರಲಿ. ಆ ಫೈಲನ್ನು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ, ಫೋನಿನಲ್ಲೊಂದು ಪ್ರತಿ ಇರಲಿ.