ದಾವಣಗೆರೆಯ ಹಣ ಕಳಿಸುವ ಅಂಗಡಿಗಳು: ಹಳೆಯ ಗಿರಾಕಿಯೊಬ್ಬನ ವಿಮರ್ಶೆ

ನಾನು ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ ಕೈಗೆ ಬರುವುದು ನಗದಾಗಿ. ಅವ್ವ ಇರುವುದು ಜಗಳೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ತಿಂಗಳಾ ಅವಳ ಖರ್ಚಿಗೆ, ಬಿಪಿ ಮಾತ್ರೆಗೆ ದುಡ್ಡು ಹೋಗಬೇಕು. ಇದಕ್ಕಾಗಿ ವರ್ಷಗಳಿಂದ ಮನಿ ಆರ್ಡರ್, ಹಣ ಕಳಿಸುವ ಅಂಗಡಿ, ಬ್ಯಾಂಕಿನ ಮಷಿನ್, ಫೋನ್‌ಪೇ ಎಲ್ಲವನ್ನೂ ಬಳಸಿದ್ದೇನೆ. ನಮ್ಮ ಹಮಾಲರಿಗೂ ಫಾರಂ ತುಂಬಿಕೊಟ್ಟಿದ್ದೇನೆ. ಎಲ್ಲರೂ ಕೇಳುವುದು ಒಂದೇ: 'ಯಾವುದರಲ್ಲಿ ಕಮಿಷನ್ ಕಮ್ಮಿ?' ನಾನು ಬೇರೆ ಲೆಕ್ಕ ಹಾಕುತ್ತೇನೆ. ಇಲ್ಲಿ ಕೊಟ್ಟ ದುಡ್ಡು ಅಲ್ಲಿ ಅವ್ವನ ಕೈಗೆ ನೋಟಾಗಿ ಸೇರುವಷ್ಟರಲ್ಲಿ ಒಟ್ಟು ಎಷ್ಟು ಕರಗಿತು, ಅವಳು ಎಷ್ಟು ಅಲೆದಳು? ಈ ವಿಮರ್ಶೆ ಪೂರ್ತಿ ಆ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲು ಅಂಗಡಿಗಳ ವಿಷಯ. ಮೊಬೈಲ್ ರೀಚಾರ್ಜ್, ಜೆರಾಕ್ಸ್ ಮಾಡುವ ಅಂಗಡಿಗಳಲ್ಲೇ 'ಮನಿ ಟ್ರಾನ್ಸ್‌ಫರ್' ಅಂತ ಬೋರ್ಡು ಇರುತ್ತದೆ. ನಗದು ಕೊಟ್ಟು, ಅಕೌಂಟ್ ನಂಬರ್ ಮತ್ತು ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡ್ ಹೇಳಿದರೆ ಆಯಿತು. ಅಂಗಡಿಯವರ ಹಿಂದೆ ಒಂದು ಬ್ಯಾಂಕ್ ಇರುತ್ತದೆ, ಇವರು ಅದರ ಏಜೆಂಟ್ ಇದ್ದ ಹಾಗೆ. ದುಡ್ಡು ಐಎಂಪಿಎಸ್ (ಬ್ಯಾಂಕಿನಿಂದ ಬ್ಯಾಂಕಿಗೆ ಕೂಡಲೇ ಕಳಿಸುವ ವ್ಯವಸ್ಥೆ) ಮೂಲಕ ಸಾಮಾನ್ಯವಾಗಿ ನಿಮಿಷದೊಳಗೆ ಆ ಕಡೆಯ ಖಾತೆಗೆ ಬೀಳುತ್ತದೆ. ನಾನು ಕೊಟ್ಟಿರುವ ದರ ಸಾವಿರಕ್ಕೆ 10 ರೂಪಾಯಿ. ಕೆಲವು ಕಡೆ 15, ಭಾನುವಾರ ಸಂಜೆ ಜನ ಜಾಸ್ತಿ ಇದ್ದರೆ 20 ಕೇಳಿದವರೂ ಇದ್ದಾರೆ. ದರಪಟ್ಟಿ ಹಾಕಿದ ಅಂಗಡಿ ನನಗೆ ಅಪರೂಪಕ್ಕೂ ಸಿಕ್ಕಿಲ್ಲ. ನನಗೆ ಇದೇ ದೊಡ್ಡ ಬೇಸರ.

ಒಂದು ಸಲಕ್ಕೆ 5,000 ರೂಪಾಯಿಗಿಂತ ಜಾಸ್ತಿ ಹೋಗುವುದಿಲ್ಲ. ಇದು ಅಂಗಡಿಯವರು ಮಾಡಿದ ನಿಯಮ ಅಲ್ಲ. ಆರ್‌ಬಿಐ 2011ರಲ್ಲೇ ಈ ಮಿತಿ ಹಾಕಿದೆ: ಸಲಕ್ಕೆ 5,000, ಕಳಿಸುವವರೊಬ್ಬರಿಗೆ ತಿಂಗಳಿಗೆ 25,000. ಹಾಗಾಗಿ 12,000 ಕಳಿಸಬೇಕೆಂದರೆ ಮೂರು ತುಂಡು ಮಾಡಿ ಕಳಿಸುತ್ತಾರೆ, ಮೂರು ರಸೀದಿ ಬರುತ್ತವೆ. ಮೂರನ್ನೂ ಇಸ್ಕೊಳ್ಳಿ. ಎರಡು ಹೋಗಿ ಮೂರನೆಯದು ನಡುವೆ ಸಿಕ್ಕಿಕೊಳ್ಳುವುದು ಇಲ್ಲಿ ಮಾಮೂಲಿ.

ನನಗೇ ಹಾಗಾಗಿತ್ತು. ಹಬ್ಬದ ಹಿಂದಿನ ದಿನ ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟೆ. 'ಪೆಂಡಿಂಗ್' ಅಂತ ಬಂತು. 'ಸರ್ವರ್ ಡೌನ್ ಅಣ್ಣ, ಸಂಜೆ ಬನ್ನಿ' ಅಂದರು. ಸಂಜೆ ಹೋದರೆ 'ನಾಳೆ' ಅಂದರು. ಅಲ್ಲಿ ಅವ್ವ ಸೊಸೈಟಿ ಮುಂದೆ ನಿಂತು ಫೋನ್ ಮಾಡುತ್ತಿದ್ದಾಳೆ, ಇಲ್ಲಿ ನನ್ನ ಹತ್ತಿರ ಉತ್ತರ ಇಲ್ಲ. ಕೊನೆಗೆ ವ್ಯವಹಾರ ಫೇಲ್ ಆಯಿತು. ನನ್ನ ಮೊಬೈಲ್‌ಗೆ ಬಂದ ಒಟಿಪಿ ಹೇಳಿದ ಮೇಲೆ ಅಂಗಡಿಯವರು ದುಡ್ಡು ವಾಪಸ್ ಕೊಟ್ಟರು. ದುಡ್ಡು ಕಳೆದುಕೊಳ್ಳಲಿಲ್ಲ. ಆದರೆ ಹಬ್ಬ ಹೋಯಿತು.

ನಗದು ಕೊಟ್ಟು ಕಳಿಸುವುದರ ದೌರ್ಬಲ್ಯ ಇಲ್ಲೇ ಇದೆ. ನನ್ನ ಖಾತೆಯಿಂದ ಯುಪಿಐ ಅಥವಾ ಐಎಂಪಿಎಸ್ ಮಾಡಿ, ದುಡ್ಡು ಕಡಿತವಾಗಿ ಆ ಕಡೆ ಸೇರದಿದ್ದರೆ ಬ್ಯಾಂಕ್ ಮರುದಿನದೊಳಗೆ ತಾನಾಗಿಯೇ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ 2019ರಲ್ಲಿ ಹೇಳಿದೆ. ನಗದು ಕೊಟ್ಟವನು ಮಾತ್ರ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕು. ಒಂದು ಮಾತು ನೆನಪಿರಲಿ. ವಾಪಸ್ ದುಡ್ಡಿನ ಒಟಿಪಿಯನ್ನು ನೋಟು ಎಣಿಸಲು ರೆಡಿ ಇರುವಾಗ ಮಾತ್ರ ಎದುರಿಗೇ ನಿಂತು ಹೇಳಿ. ಫೋನಿನಲ್ಲಿ ಕೇಳಿದರೆ ಹೇಳಬೇಡಿ.

2024ರ ನವೆಂಬರ್ 1ರಿಂದ ಆರ್‌ಬಿಐ ಕಟ್ಟುನಿಟ್ಟು ಮಾಡಿತು. ಕಳಿಸುವವರ ಮೊಬೈಲ್ ನಂಬರ್ ದೃಢಪಡಬೇಕು, ಗುರುತಿನ ದಾಖಲೆ ಕೊಡಬೇಕು, ಪ್ರತಿ ಸಲವೂ ಒಟಿಪಿಯಂಥ ಹೆಚ್ಚುವರಿ ದೃಢೀಕರಣ ಆಗಬೇಕು. ಒಳ್ಳೆಯದೇ. ಕಳ್ಳ ವ್ಯವಹಾರಕ್ಕೆ ಕಡಿವಾಣ ಬೇಕಿತ್ತು. ಪೆಟ್ಟು ಬಿದ್ದಿದ್ದು ಅಕ್ಕಿ ಗಿರಣಿಗಳಲ್ಲಿ ಕೆಲಸ ಮಾಡುವ ಬಿಹಾರದ ಹುಡುಗರಿಗೆ, ಮಂಡಕ್ಕಿ ಭಟ್ಟಿಯ ಕೂಲಿಯವರಿಗೆ. ಸಿಮ್ ಯಾರದೋ ಹೆಸರಲ್ಲಿ, ಆಧಾರ್ ಊರಲ್ಲಿ. ಆಗ ಕೆಲವು ಅಂಗಡಿಯವರು ಸುಲಭದ ದಾರಿ ಹಿಡಿದರು. ನಗದು ತಗೊಂಡು ತಮ್ಮ ಸ್ವಂತ ಫೋನ್‌ಪೇಯಿಂದ ಕಳಿಸುವುದು.

ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಇಲ್ಲಿ ನಿಮ್ಮ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ. ನಾಳೆ ಅಂಗಡಿಯವರ ಖಾತೆಗೆ ಯಾವುದೋ ಸೈಬರ್ ವಂಚನೆಯ ದುಡ್ಡು ಬಂದಿದೆ ಅಂತ ಪೊಲೀಸರು ಜಾಡು ಹಿಡಿದರೆ, ಆ ದುಡ್ಡು ಮುಂದೆ ಹೋದ ಖಾತೆಗಳೂ ಫ್ರೀಜ್ ಆಗಬಹುದು. ಹಳ್ಳಿಯಲ್ಲಿರುವ ತಾಯಿಯ ಖಾತೆ ಫ್ರೀಜ್ ಆದರೆ ಅದನ್ನು ಬಿಡಿಸುವವರು ಯಾರು? ಇದರ ಉಲ್ಟಾ ವ್ಯವಹಾರವೂ ಅಷ್ಟೇ ಅಪಾಯ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಂದು 'ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ' ಅಂದರೆ ಕೊಡಬೇಡಿ.

ಮನಿ ಆರ್ಡರ್ ಬಗ್ಗೆ ನನಗೆ ಗೌರವ ಇದೆ. ನಮ್ಮ ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತಿದ್ದದ್ದು ಪೋಸ್ಟ್‌ಮ್ಯಾನ್ ಕೈಯಲ್ಲೇ. ಬಾಗಿಲಿಗೆ ಬಂದು ನೋಟು ಎಣಿಸಿ ಕೊಡುವ ಸೇವೆ ಅದೊಂದೇ ಆಗಿತ್ತು. ಆದರೆ ಕಮಿಷನ್ ನೂರಕ್ಕೆ 5 ರೂಪಾಯಿ. 5,000 ಕಳಿಸಿದರೆ 250 ಹೋಯಿತು. ಖಾತೆಯೇ ಇಲ್ಲದವರಿಗೆ, ಹಾಸಿಗೆ ಹಿಡಿದವರಿಗೆ ಸರಿ. ಪ್ರತಿ ತಿಂಗಳೂ ಭರಿಸುವುದು ಕಷ್ಟ.

ಈಗ ನಾನು ಮಾಡುತ್ತಿರುವುದು ಹೀಗೆ. ಸಂಬಳ ಬಂದ ದಿನ ನನ್ನ ಬ್ಯಾಂಕಿನ ಕ್ಯಾಶ್ ಡೆಪಾಸಿಟ್ ಮಷಿನ್‌ಗೆ ನೋಟು ಹಾಕುತ್ತೇನೆ. ಮಷಿನ್ ಕೆಟ್ಟಿದ್ದರೆ ಕೌಂಟರ್. ಆಮೇಲೆ ಫೋನಿನಿಂದ ಅವ್ವನ ಖಾತೆಗೆ ಕಳಿಸುತ್ತೇನೆ. ಅವ್ವನ ಹತ್ತಿರ ಇರುವುದು ಕೀಪ್ಯಾಡ್ ಫೋನು. ಯುಪಿಐ ಆ್ಯಪ್ ಅವಳಿಗೆ ಬೇಕಾಗಿಯೇ ಇಲ್ಲ. ಅಕೌಂಟ್ ನಂಬರ್, ಐಎಫ್‌ಎಸ್‌ಸಿ ಹಾಕಿದರೆ ದುಡ್ಡು ಹೋಗುತ್ತದೆ. 'ಅಮ್ಮನ ಹತ್ರ ಸ್ಮಾರ್ಟ್‌ಫೋನ್ ಇಲ್ಲ, ಅದಕ್ಕೇ ಅಂಗಡಿಗೆ ಬರ್ತೀನಿ' ಅನ್ನುವವರು ಎಷ್ಟೋ ಜನ. ಅವರಿಗೆಲ್ಲ ಇದನ್ನೇ ತೋರಿಸಿಕೊಡುತ್ತೇನೆ. ಕಳಿಸುವ ಖರ್ಚು ಸೊನ್ನೆ.

ಅರ್ಧ ಕೆಲಸ ಮುಗಿಯಿತು ಅಷ್ಟೇ. ದುಡ್ಡು ಖಾತೆಯಲ್ಲಿದ್ದರೆ ಕಿರಾಣಿ ಅಂಗಡಿಯವನು ಒಪ್ಪುತ್ತಾನಾ? ಮೊದಲು ಅವ್ವ ಜಗಳೂರಿಗೆ ಹೋಗಿ ಬ್ಯಾಂಕಿನಲ್ಲಿ ಚೀಟಿ ಬರೆಸಿ ತೆಗೆಯುತ್ತಿದ್ದಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಹಳ್ಳಿಗೆ ಬರುವುದು ಜಾಸ್ತಿ ಖಾಸಗಿ ಬಸ್ಸು. ಬಸ್ ಚಾರ್ಜ್ ಬಿಡಿ, ಒಂದು ದಿನದ ಕೂಲಿಯೇ ಹೋಗುತ್ತಿತ್ತು. ನಾನು ಅಂಗಡಿಯಲ್ಲಿ ಉಳಿಸಿದ 50 ರೂಪಾಯಿಯ ಎಷ್ಟೋ ಪಟ್ಟು ಅಲ್ಲಿ ಹೋಗುತ್ತಿತ್ತು, ಅಲ್ವಾ?

ಇದನ್ನು ಸರಿ ಮಾಡಿದ್ದು ಹೆಬ್ಬೆಟ್ಟಿನ ಮಷಿನ್. ಆಧಾರ್ ಜೋಡಿಸಿದ ಯಾವ ಬ್ಯಾಂಕಿನ ಖಾತೆಯಾದರೂ ಸರಿ, ಊರಿನ ಬ್ಯಾಂಕ್ ಮಿತ್ರ (ಹಳ್ಳಿಯಲ್ಲೇ ಬ್ಯಾಂಕಿನ ಕೆಲಸ ಮಾಡಿಕೊಡುವ ಏಜೆಂಟ್) ಅಥವಾ ಅಂಚೆ ಬ್ಯಾಂಕಿನ ಮಷಿನ್ ಹಿಡಿದ ಪೋಸ್ಟ್‌ಮ್ಯಾನ್ ಹತ್ತಿರ ಬೆರಳು ಒತ್ತಿ ತೆಗೆಯಬಹುದು. ಸಲಕ್ಕೆ 10,000 ರೂಪಾಯಿವರೆಗೆ. ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆದು ತೆಗೆದು ನಮ್ಮೂರ ಹೆಂಗಸರಿಗೆಲ್ಲ ಇದು ಈಗ ಅಭ್ಯಾಸ. ಅವ್ವನೂ ಪಕ್ಕದ ಮನೆಯ ಅತ್ತೆಯೂ ಒಟ್ಟಿಗೆ ಹೋಗಿ ಬರುತ್ತಾರೆ, ಅರ್ಧ ಗಂಟೆಯ ಕೆಲಸ.

ತೊಂದರೆ ಇಲ್ಲವೇ ಇಲ್ಲ ಅನ್ನಲಾರೆ. ಈರುಳ್ಳಿ ಕಿತ್ತು, ಶೇಂಗಾ ಬಿಡಿಸಿ ಸವೆದ ಬೆರಳು ಎಷ್ಟೋ ಸಲ ಹೊಂದುವುದಿಲ್ಲ. ಮುಖ ನೋಡಿ ಗುರುತಿಸುವ ವ್ಯವಸ್ಥೆಯನ್ನು ಅಂಚೆ ಬ್ಯಾಂಕ್ 2025ರಲ್ಲಿ ತಂದಿದೆ, ಬೆರಳು ಹೊಂದದವರು ಪೋಸ್ಟ್‌ಮ್ಯಾನ್‌ರನ್ನು ಕೇಳಿ ನೋಡಿ. ದುಡ್ಡು ತೆಗೆದುಕೊಡುವುದಕ್ಕೆ ಏಜೆಂಟರಿಗೆ ಬ್ಯಾಂಕ್ ಕಡೆಯಿಂದ ಕಮಿಷನ್ ಇದೆ, ಆದರೂ 20, 30 ಹಿಡಿದುಕೊಳ್ಳುವವರಿದ್ದಾರೆ. 'ಆಗಲಿಲ್ಲ, ಇನ್ನೊಂದು ಸಲ ಒತ್ತಜ್ಜಿ' ಅಂದಾಗ ಮೊದಲನೆಯದು ನಿಜವಾಗಿ ಆಗಿಲ್ಲವೇ ಅಂತ ಮೆಸೇಜ್ ನೋಡದೆ ಎರಡನೇ ಸಲ ಒತ್ತಬಾರದು. ಮೆಸೇಜ್ ಓದಲು ಬಾರದಿದ್ದರೆ ಮಗನಿಗೋ ಮಗಳಿಗೋ ಫೋನ್ ಮಾಡಲಿ. ನಾನು ಅವ್ವನ ಖಾತೆಗೆ ನನ್ನ ನಂಬರನ್ನೇ ಕೊಡಿಸಿದ್ದೇನೆ, ಅವಳು ಅಲ್ಲಿ ಬೆರಳು ಒತ್ತಿದ ಕೂಡಲೇ ಮೆಸೇಜ್ ಇಲ್ಲಿ ನನಗೆ ಬರುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು ಖಾತೆ ಖಾಲಿ ಮಾಡಿದ ಪ್ರಕರಣಗಳು ಬಂದಿದ್ದವು. ಹೆಬ್ಬೆಟ್ಟಿನಿಂದ ದುಡ್ಡು ತೆಗೆಯದವರು ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ. ನನ್ನದು ಲಾಕ್ ಇದೆ, ಅವ್ವನದು ತೆರೆದಿದೆ.

ವಿದೇಶದಿಂದ ಬರುವ ದುಡ್ಡಿನ ಬಗ್ಗೆ ನನ್ನ ಅನುಭವ ಕಮ್ಮಿ. ಗೆಳೆಯನ ತಮ್ಮ ದುಬೈನಲ್ಲಿದ್ದಾನೆ, ವೆಸ್ಟರ್ನ್ ಯೂನಿಯನ್ ಮೂಲಕ ಕಳಿಸುತ್ತಾನೆ. ಆ ಬಗೆಯ ಸೇವೆಯಲ್ಲಿ ಸಲಕ್ಕೆ 2,500 ಡಾಲರ್, ವರ್ಷಕ್ಕೆ 30 ಸಲ ಮಾತ್ರ. ನಗದಾಗಿ ಸಿಗುವುದು 50,000 ರೂಪಾಯಿವರೆಗೆ, ಉಳಿದದ್ದು ಚೆಕ್ ಅಥವಾ ಖಾತೆಗೆ.

ಅಂಗಡಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಬ್ಯಾಂಕಿನ ಮಷಿನ್ ಕೆಟ್ಟು, ರಜೆಯೂ ಬಂದು, ಅವ್ವನಿಗೆ ಅರ್ಜೆಂಟ್ ಇದ್ದರೆ ಈಗಲೂ ಹೋಗುತ್ತೇನೆ. ಆಧಾರ್ ನೋಡಿ, ಒಟಿಪಿ ಕೇಳಿ, ಪ್ರಿಂಟ್ ಆದ ರಸೀದಿ ಕೊಡುವ ಅಂಗಡಿ ಒಂದನ್ನು ಗೊತ್ತು ಮಾಡಿಕೊಂಡಿದ್ದೇನೆ. ಅಲ್ಲಿ ಸಾವಿರಕ್ಕೆ 10 ಕೊಡಲು ನನಗೆ ಬೇಜಾರಿಲ್ಲ. ಖಾತೆಯಿಂದ ಮೋಸದಲ್ಲಿ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ದೂರಿಗೆ ರಸೀದಿಯಲ್ಲಿರುವ ವ್ಯವಹಾರ ಸಂಖ್ಯೆ ಬೇಕೇ ಬೇಕು. ನಮ್ಮ ಹಮಾಲರಿಗೆ ನಾನು ರಸೀದಿಯ ಫೋಟೋ ತೆಗೆದು ಊರಿನವರ ವಾಟ್ಸ್‌ಆ್ಯಪ್‌ಗೆ ಕಳಿಸಿಬಿಡಿ ಅನ್ನುತ್ತೇನೆ. ಆ ಚೀಟಿಯ ಅಕ್ಷರ ಕೆಲವೇ ವಾರದಲ್ಲಿ ಅಳಿಸಿಹೋಗುತ್ತದೆ.